ಪರದೆಯ ಹಿಂದೆ ಕೂತ ಮಕ್ಕಳು

ಬಳ್ಳಾರಿಯಲ್ಲಿ ದಸರಾ ರಜೆ ಬಂತೆಂದರೆ ನಾನು ಕೆಲಸ ಮಾಡುತ್ತಿದ್ದ ಕೇಬಲ್ ಚಾನೆಲ್‌ಗೆ ಸುಗ್ಗಿ. ಸೀರೆ ಅಂಗಡಿ, ಬಂಗಾರದ ಅಂಗಡಿ, ಟ್ಯೂಷನ್ ಸೆಂಟರು, ಜೀನ್ಸ್ ಹೊಲಿಸುವವರು, ಟಿಕೆಟ್ಟಿನ ಆಸೆಯಲ್ಲಿದ್ದ ಪುಢಾರಿಗಳು, ಎಲ್ಲರಿಗೂ ಬನ್ನಿ ಹಬ್ಬದ ಶುಭಾಶಯ ಹೇಳುವ ಉಮೇದು. ಶುಭಾಶಯಗಳನ್ನೇ ಬೆಳಗಿಂದ ರಾತ್ರಿವರೆಗೆ ಹಾಕಲಾಗುವುದಿಲ್ಲ, ನಡುವೆ ಒಂದಿಷ್ಟು ಕಾರ್ಯಕ್ರಮವೂ ಬೇಕು. ಆ ಕಾರ್ಯಕ್ರಮ ಹೊಂದಿಸುವುದು ನನ್ನ ಕೆಲಸವಾಗಿತ್ತು. ನಿರ್ಮಾಪಕ ಎಂದು ಗುರುತಿನ ಚೀಟಿಯಲ್ಲಿತ್ತು. ಕೇಬಲ್ ಎಳೆಯುವುದು, ಊಟದ ಪ್ಯಾಕೆಟ್ ತರಿಸುವುದು, ನಿರೂಪಕಿಗೆ ಮಾತು ಬರೆದುಕೊಡುವುದೂ ಅದರೊಳಗೇ ಬರುತ್ತಿತ್ತು.

2007ರ ಆಸುಪಾಸು. ಅದರ ಹಿಂದಿನ ವರ್ಷ ಹಿಂದಿಯಲ್ಲಿ ‘ಗಲಿ ಗಲಿ ಸಿಮ್ ಸಿಮ್’ ಶುರುವಾಗಿತ್ತು. ಅಮೆರಿಕದ ‘ಸೆಸಮಿ ಸ್ಟ್ರೀಟ್’ನ ಭಾರತೀಯ ಅವತಾರ. ಬಟ್ಟೆಯ ಗೊಂಬೆಗಳು ಮಕ್ಕಳ ಜೊತೆ ಹರಟೆ ಹೊಡೆಯುವುದನ್ನು ನೋಡಿ ನನ್ನ ತಲೆಗೂ ಗೊಂಬೆ ಹೊಕ್ಕಿತು. ನಮ್ಮ ಜಿಲ್ಲೆಯಲ್ಲೇ ತೊಗಲುಗೊಂಬೆ ಆಡಿಸುವವರಿದ್ದಾರೆ, ಹೊರಗಿನದ್ದನ್ನು ನೋಡಿ ಯಾಕೆ ಜೊಲ್ಲು ಸುರಿಸಬೇಕು? ರಜೆಯಲ್ಲಿ ಒಂದು ಮಕ್ಕಳ ಸಂಭ್ರಮ ಮಾಡೋಣ, ಸಭಾಂಗಣದಿಂದ ನೇರಪ್ರಸಾರ ಕೊಡೋಣ, ಬಳ್ಳಾರಿ ನಗರದ ಮಕ್ಕಳ ಜೊತೆಗೆ ಸಿರುಗುಪ್ಪ, ಕುರುಗೋಡು ಕಡೆಯ ಸರ್ಕಾರಿ ಶಾಲೆಯ ಮಕ್ಕಳನ್ನೂ ವ್ಯಾನಿನಲ್ಲಿ ಕರೆಸೋಣ ಎಂದು ಮಾಲೀಕರ ಮುಂದೆ ಭಾಷಣ ಹೊಡೆದೆ. ಅವರು ಕೇಳಿದ್ದು ಒಂದೇ: “ಡಾನ್ಸ್ ಇರ್ತೈತಲ್ಲ?” ಇರುತ್ತದೆ ಎಂದೆ.

ಬಳ್ಳಾರಿಯಲ್ಲಿ ತೊಗಲುಗೊಂಬೆ ಎಂದರೆ ಮೊದಲು ನೆನಪಾಗುವ ಹೆಸರು ಬೆಳಗಲ್ಲು ವೀರಣ್ಣನವರದು. ರಾಮಾಂಜನೇಯ ತೊಗಲುಗೊಂಬೆ ಮೇಳ ಕಟ್ಟಿ, ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಗಾಂಧೀಜಿಯ ಬದುಕನ್ನೂ ತೊಗಲಿಗೆ ಇಳಿಸಿ ಪರದೆಗೆ ತಂದವರು ಅವರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪಡೆದವರು, ವಿದೇಶಗಳಲ್ಲೂ ಆಡಿಸಿ ಬಂದವರು. ಅವರನ್ನು ನಾನು ಕೇಳಲೇ ಇಲ್ಲ. ದೊಡ್ಡವರು, ನಮ್ಮ ಬಜೆಟ್ಟಿಗೆ ಎಟುಕಲಿಕ್ಕಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಅದಕ್ಕಿಂತ ನಿಜವಾದ ಕಾರಣ, ಅವರ ಮುಂದೆ ನನ್ನ ಕತ್ತರಿ ನಡೆಯುವುದಿಲ್ಲ ಎಂಬ ಅಳುಕು. ನನಗೆ ಬೇಕಾಗಿದ್ದದ್ದು ಹೇಳಿದಷ್ಟು ಹೊತ್ತು ಆಡಿಸಿ ಎದ್ದುಹೋಗುವ ಕಲಾವಿದ.

ಅಂಥವರೇ ಸಿಕ್ಕರು ಎಂದುಕೊಂಡೆ. ಸಿರುಗುಪ್ಪ ತಾಲ್ಲೂಕಿನ ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಲ್ಲಿ ಶಿಳ್ಳೇಕ್ಯಾತರ ಕೆಲವು ಮನೆಗಳಿದ್ದವು. ಹಗಲು ಹರಿಗೋಲು ಹಾಕಿ ಮೀನು ಹಿಡಿಯುವುದು, ಕರೆ ಬಂದರೆ ರಾತ್ರಿ ಗೊಂಬೆ ಆಡಿಸುವುದು. ಮೇಳದ ಹಿರಿಯರನ್ನು ಎಲ್ಲರೂ ತಾತ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನ ಷರತ್ತುಗಳನ್ನು ಒಂದೊಂದಾಗಿ ಹೇಳಿದೆ. ಬೆಳಿಗ್ಗೆ 11 ಗಂಟೆಗೆ ಆಟ. 20 ನಿಮಿಷ. ರಾಮಾಯಣದ ಒಂದು ತುಣುಕು, ಹನುಮಂತ ಇದ್ದರೆ ಒಳ್ಳೆಯದು. ಕಿಳ್ಳೇಕ್ಯಾತ ಬೇಡ.

ತಾತ ಬೆಳಗಿನ ಹೊತ್ತು ಎಂಬುದಕ್ಕೆ ಹುಬ್ಬೇರಿಸಿದರು. 20 ನಿಮಿಷ ಎಂದಾಗ ನಕ್ಕರು. ಕಿಳ್ಳೇಕ್ಯಾತ ಬೇಡ ಎಂದಾಗ ಮಾತ್ರ ಎಲೆಯಡಿಕೆ ಉಗಿದು ಬಂದು ಕೂತರು.

“ಅವನ್ನ ಬಿಟ್ಟು ಹೆಂಗ್ರೀ ಸಾರ್?”

ಗಣಪತಿ, ಸರಸ್ವತಿಯ ಪೂಜೆಯಾದ ಮೇಲೆ ಪರದೆಗೆ ನುಗ್ಗುವವನೇ ಕಿಳ್ಳೇಕ್ಯಾತ. ಕೆದರಿದ ಜುಟ್ಟು, ಡೊಳ್ಳುಹೊಟ್ಟೆ, ಕೆಟ್ಟ ಬಾಯಿ. ಅವನ ಹಿಂದೆಯೇ ಹೆಂಡತಿ ಬಂಗಾರಕ್ಕ. ಇಬ್ಬರೂ ಜಗಳವಾಡುತ್ತಾರೆ, ಊರ ಗೌಡನನ್ನು ಅಣಕಿಸುತ್ತಾರೆ, ರಾಮನ ದುಃಖದ ನಡುವೆಯೂ ತಲೆ ತೂರಿಸುತ್ತಾರೆ. ಅವರ ಮಾತಿನಲ್ಲಿ ಪೋಲಿತನ ಇರುತ್ತದೆಂದು ಎಲ್ಲೋ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಮಕ್ಕಳ ಕಾರ್ಯಕ್ರಮ, ನೇರಪ್ರಸಾರ, ಪ್ರಾಯೋಜಕರ ಮನೆಯವರೆಲ್ಲ ನೋಡುತ್ತಾರೆ ಎಂದು ವಿವರಿಸಿದೆ. “ಮಕ್ಳಿದ್ರ ಮಕ್ಳಿಗೆ ತಕ್ಕಂಗ ಮಾತಾಡ್ತಾನ್ರೀ ಅವ. ಹೆಂಗಸರಿದ್ರ ಹೆಂಗಸರಿಗೆ ತಕ್ಕಂಗ. ಅವಂಗ ಎಲ್ಲಾ ತಿಳಿತೈತಿ” ಎಂದರು. ಗೊಂಬೆಗೆ ತಿಳಿಯುತ್ತದಂತೆ ಎಂದು ನಾನು ಒಳಗೊಳಗೇ ನಕ್ಕು, ಮುಂಗಡ ಕೊಟ್ಟು ಎದ್ದೆ.

ತೊಗಲುಗೊಂಬೆಯ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ವಸ್ತುಸಂಗ್ರಹಾಲಯದ ಫಲಕದಲ್ಲಿರುವಷ್ಟು. ಮೇಕೆಯ ಚರ್ಮವನ್ನು ಕೂದಲು ತೆಗೆದು, ಬೆಳಕು ತೂರುವಷ್ಟು ತೆಳ್ಳಗೆ ಕೆರೆದು ಒಣಗಿಸುತ್ತಾರೆ. ಚಿತ್ರ ಬರೆದು, ಸಣ್ಣ ಉಳಿಯಿಂದ ರಂಧ್ರ ಕೊರೆದು, ಎರಡೂ ಬದಿಗೆ ಬಣ್ಣ ಹಚ್ಚಿ, ಸೀಳಿದ ಬಿದಿರಿನ ಕಡ್ಡಿಗೆ ಸಿಕ್ಕಿಸುತ್ತಾರೆ. ರಾಜನ ಗೊಂಬೆ ದೊಡ್ಡದು, ಆಳಿನದು ಚಿಕ್ಕದು, ಪಾತ್ರದ ಅಂತಸ್ತಿಗೆ ತಕ್ಕ ಅಳತೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾವ್ ಅವರು ಊರೂರು ತಿರುಗಿ ಸಂಗ್ರಹಿಸಿದ ಗೊಂಬೆಗಳನ್ನು ಗೋಡೆಯ ಮೇಲೆ ನೋಡಿದ್ದೆ. ಎಂಥ ಕೆಂಪು, ಎಂಥ ಹಸಿರು ಎಂದು ಬೆರಗಾಗಿದ್ದೆ. ಆ ಕೆಂಪು ಕೆಂಪಾಗುವುದು ಹಿಂದೆ ದೀಪವಿದ್ದು ಮುಂದೆ ಕತ್ತಲಿದ್ದರೆ ಮಾತ್ರ ಎಂಬ ಸರಳ ಸಂಗತಿ ನನ್ನ ತಲೆಗೆ ಹತ್ತಿರಲಿಲ್ಲ. ಕ್ಯಾಮೆರಾ ಹಿಡಿದು ಅನ್ನ ತಿನ್ನುವವನಿಗೆ ಬೆಳಕಿನ ವಿಷಯ ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಗೊತ್ತಿತ್ತು. ಆದರೆ ನಾನು ಲೆಕ್ಕ ಹಾಕಿದ್ದು ಗೊಂಬೆಯ ಬೆಳಕನ್ನಲ್ಲ, ಮಕ್ಕಳ ಮುಖದ ಬೆಳಕನ್ನು.

ಟಿವಿಗೆ ಬೇಕಾದದ್ದು ಮುಖಗಳು. ಗೊಂಬೆ ಕುಣಿದಾಗ ಬಾಯಿ ತೆರೆದು ನೋಡುವ ಮುಖ, ಚಪ್ಪಾಳೆ ತಟ್ಟುವ ಕೈ, ಹೊಸ ಟೀ ಶರ್ಟಿನ ಮೇಲೆ ಪ್ರಾಯೋಜಕರ ಹೆಸರು. ಮುಖ ಕಂಡರೆ ಅಪ್ಪ ಅಮ್ಮ ಮನೆಯಲ್ಲಿ ಟಿವಿ ಹಾಕುತ್ತಾರೆ, ಅಜ್ಜಿ ಪಕ್ಕದ ಮನೆಯವರನ್ನು ಕೂಗುತ್ತಾಳೆ. ನೇರಪ್ರಸಾರದ ವ್ಯಾಪಾರ ನಡೆಯುವುದೇ ಹಾಗೆ. ಹಾಗಾಗಿ ಸಾವಿರ ವಾಟ್‌ನ ಹ್ಯಾಲೊಜೆನ್ ದೀಪಗಳನ್ನು ವೇದಿಕೆಯ ಎರಡೂ ಬದಿಗೆ, ಮಕ್ಕಳ ಕಡೆಗೆ ಒಂದು, ಪರದೆಯ ಕಡೆಗೆ ಒಂದು ಎಂದು ನಿಲ್ಲಿಸಿದ್ದೆವು. ಸಭಾಂಗಣದ ಕಿಟಕಿಗಳಿಗೆ ಪರದೆಯೇ ಇರಲಿಲ್ಲ. ಬಳ್ಳಾರಿಯ ಹನ್ನೊಂದು ಗಂಟೆಯ ಬಿಸಿಲು ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಕೋಟೆಯ ಬಂಡೆಗೆ ಬಡಿದು ಊರೊಳಗೆ ಬರುವಂಥದ್ದು.

ಮೊದಲು ಡಾನ್ಸ್ ಆಯಿತು, ಛದ್ಮವೇಷ ಆಯಿತು. ಕುರುಗೋಡಿನ ಹುಡುಗನೊಬ್ಬ ದೊಡ್ಡಬಸವೇಶ್ವರನ ಜಾತ್ರೆಯ ತೇರೆಳೆಯುವುದನ್ನು ಒಬ್ಬನೇ ಅಭಿನಯಿಸಿ ತೋರಿಸಿದ. ನೆರೆದವರೆಲ್ಲ ನಕ್ಕರು. ಅವನಿಗೆ ಕೊಟ್ಟದ್ದು ಎರಡು ನಿಮಿಷ, ಸಿನಿಮಾ ಹಾಡಿಗೆ ಕುಣಿದ ತಂಡಕ್ಕೆ ಎಂಟು. ಇದೂ ನನ್ನದೇ ಹಂಚಿಕೆ.

ಆಮೇಲೆ ಗೊಂಬೆಯಾಟ. ತಾತನ ಮೇಳದವರು ಬಿದಿರಿನ ಚೌಕಟ್ಟು ಕಟ್ಟಿ, ಸುತ್ತ ಕಂಬಳಿ ಹೊದಿಸಿ, ಮುಂದೆ ಬಿಳಿ ಪಂಚೆ ಬಿಗಿದಿದ್ದರು. ಒಳಗೆ ಒಂದು ಬಲ್ಬು. ಹಾರ್ಮೋನಿಯಂ, ಮದ್ದಳೆ, ತಾಳ. ತಾತನ ಸೊಸೆಯ ಕಂಠ ಎತ್ತರದಲ್ಲಿ ಎದ್ದಿತು. ಗಣಪತಿ ಪರದೆಗೆ ಬಂದ. ಬಂದನೆಂದು ಗೊತ್ತಾದದ್ದು ಹಾಡಿನಿಂದ. ಪರದೆಯಲ್ಲಿ ನಸುಬೂದು ಬಣ್ಣದ ಏನೋ ಒಂದು ಅಲುಗಾಡಿತು, ಅಷ್ಟೇ. ಮುಂದಿನಿಂದ ಬಿದ್ದ ನಮ್ಮ ಹ್ಯಾಲೊಜೆನ್ ಬೆಳಕು ಹಿಂದಿನ ಬಲ್ಬನ್ನು ನುಂಗಿಹಾಕಿತ್ತು. ಕ್ಯಾಮೆರಾಮನ್ ಕಿವಿಯ ಫೋನಿನಲ್ಲಿ “ಪರದೆ ಬೆಳ್ಳಗೆ ಹೊಡೀತೈತಿ, ಲೈಟ್ ಆರಿಸ್ಲಾ?” ಎಂದು ಕೇಳಿದ. ಆರಿಸಿದರೆ ಮಕ್ಕಳು ಕತ್ತಲಾಗುತ್ತಾರೆ. ಬೇಡ ಎಂದೆ. ಅಪರ್ಚರ್ ಇಳಿಸು ಎಂದೆ. ಇಳಿಸಿದ. ಮಕ್ಕಳೂ ಮಂಕಾದರು, ಗೊಂಬೆಯೂ ಕಾಣಲಿಲ್ಲ.

ಮಕ್ಕಳು ಗಲಾಟೆ ಶುರು ಮಾಡಿದರು. ತಪ್ಪೇನು, ನೋಡಲು ಏನೂ ಇಲ್ಲದಿದ್ದರೆ ಯಾರಾದರೂ ಮಾಡುವುದು ಅದೇ. ನಿರೂಪಕಿ ಮೈಕು ಹಿಡಿದು ಹಾಡಿನ ಮೇಲೆಯೇ “ಮಕ್ಕಳೇ, ಈಗ ಯಾರು ಬರ್ತಾರೆ ಗೊತ್ತಾ?” ಎಂದು ಕೂಗತೊಡಗಿದಳು. ಆ ಸಾಲನ್ನು ಬರೆದುಕೊಟ್ಟವನೂ ನಾನೇ.

ಇನ್ನೊಂದು ಕ್ಯಾಮೆರಾದ ಮಾನಿಟರಿನಲ್ಲಿ ಮುಂದಿನ ಸಾಲಿನ ಕುರ್ಚಿಗಳು ಖಾಲಿಯಾಗುತ್ತಿರುವುದು ಕಂಡಿತು. ಓಡಿಹೋಗಿ ನೋಡಿದೆ. ಸಿರುಗುಪ್ಪದ ಕಡೆಯಿಂದ ಬಂದ ಒಂದು ಪುಟ್ಟ ಹುಡುಗಿ ಕಂಬಳಿ ಸರಿಸಿ ಪರದೆಯ ಹಿಂದೆ ಹೋಗಿ ಕೂತಿದ್ದಳು. ಅವಳ ಹಿಂದೆ ಇನ್ನಿಬ್ಬರು, ಅವರ ಹಿಂದೆ ಮತ್ತೊಂದು ಹಿಂಡು. ಒಳಗೆ ಅವರಿಗೆ ಎಲ್ಲವೂ ಕಾಣುತ್ತಿತ್ತು. ಕೆಂಪು ಹನುಮಂತ, ಹಸಿರು ಸೀರೆಯ ಸೀತೆ, ಹತ್ತು ತಲೆಯ ರಾವಣ, ತಾತನ ಎರಡು ಕೈಯಲ್ಲಿ ಎರಡು ಗೊಂಬೆ, ಕಾಲಡಿಯ ಹಲಗೆಯ ಮೇಲೆ ಯುದ್ಧದ ಸದ್ದಿಗೆ ಪಾದದ ಬಡಿತ. ಒಬ್ಬ ಹುಡುಗ ತಾಳದವರ ಪಕ್ಕ ಕೂತು ತೊಡೆ ತಟ್ಟುತ್ತಿದ್ದ. ಅಷ್ಟರಲ್ಲಿ ತಾತ ಬುಟ್ಟಿಯಿಂದ ಕಿಳ್ಳೇಕ್ಯಾತನನ್ನು ತೆಗೆದರು. ನಾನು ಬೇಡ ಎಂದಿದ್ದ ಗೊಂಬೆ. ಪರದೆಗೆ ಅಂಟಿಸಲಿಲ್ಲ, ಮಕ್ಕಳ ಕಡೆಗೆ ತಿರುಗಿಸಿ ಅವರ ಮೂಗಿನ ಮುಂದೆಯೇ ಕುಣಿಸಿದರು. “ಏನ್ರಲೇ, ನನ್ನ ಕರೀಬ್ಯಾಡ ಅಂದಾರಂತ ನಿಮ್ಮ ಸಾರು! ಉಂಡೀರೇನು? ನನಗೊಂದು ಮಿರ್ಚಿ ಇಟ್ಟೀರೇನು?” ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅದರಲ್ಲಿ ಪೋಲಿ ಮಾತು ಒಂದೂ ಇರಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸವನ್ನು ಹೇಳಿಬಿಡುತ್ತೇನೆ. “ಎಲ್ಲರೂ ಹೋಗಿ ಮುಂದೆ ಕೂಡ್ರಿ” ಎಂದು ಗದರಿದೆ. ಕದಲದವರನ್ನು ರಟ್ಟೆ ಹಿಡಿದು ಎಬ್ಬಿಸಿದೆ. ನೇರಪ್ರಸಾರದಲ್ಲಿ ಖಾಲಿ ಕುರ್ಚಿ ಕಾಣಬಾರದಲ್ಲ. ಆ ಹುಡುಗಿ ಎದ್ದು ಹೋಗುವಾಗ ನನ್ನನ್ನು ನೋಡಿದ ರೀತಿ ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅತ್ತಿದ್ದರೆ ಸುಲಭವಾಗುತ್ತಿತ್ತು, ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ಶಾಲೆಯಲ್ಲಿ, ಮನೆಯಲ್ಲಿ ಇದೆಲ್ಲ ರೂಢಿಯಾದವಳಂತೆ ಸುಮ್ಮನೆ ಹೋಗಿ ಕುರ್ಚಿಯಲ್ಲಿ ಕೂತು, ನಾವು ಹೇಳಿದಾಗ ಚಪ್ಪಾಳೆ ತಟ್ಟಿದಳು.

ಕಾರ್ಯಕ್ರಮ ಯಶಸ್ವಿಯಾಯಿತು. ಇದು ವ್ಯಂಗ್ಯವಲ್ಲ. ಜಾಹೀರಾತು ಪೂರ್ತಿ ಬಂದಿತ್ತು, ಮಕ್ಕಳ ಮುಖ ಕಂಡ ಮನೆಗಳಿಂದ ಫೋನ್ ಬಂದವು, ಮಾಲೀಕರು ಸಂಜೆ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದರು. ಗೊಂಬೆಯಾಟ ಕಾಣಲಿಲ್ಲವೆಂದು ದೂರಿದವರು ತೀರ ಕಡಿಮೆ. ಕಾಣಬೇಕಾದದ್ದು ಏನಿತ್ತೆಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಸೋಲು ಎಂದು ಯಾರೂ ಹೇಳದ ಸೋಲು ಬಹಳ ಅಪಾಯಕಾರಿ, ಅದನ್ನು ಅನುಭವ ಎಂದು ಲೆಕ್ಕಕ್ಕೆ ಹಿಡಿದು ಮುಂದಿನ ವರ್ಷವೂ ಅದನ್ನೇ ಮಾಡುತ್ತೇವೆ. ನಾನೂ ಮಾಡುತ್ತಿದ್ದೆನೇನೋ. ತಾತ ಗೊಂಬೆಗಳನ್ನು ಒಂದರ ಮೇಲೊಂದು ಹಾಸಿ ಕಟ್ಟುವಾಗ ದುಡ್ಡಿನ ಕವರ್ ಕೊಡಲು ಹೋಗಿದ್ದೆ. ಎಣಿಸದೆ ಜೇಬಿಗಿಟ್ಟುಕೊಂಡು, “ಸಾರ್, ಒಂದ್ಸಲ ನಮ್ಮೂರಿಗೆ ಬರ್ರಿ. ಆಟ ನೋಡೀರಂತ” ಎಂದರು. ಇಷ್ಟು ಹೊತ್ತು ನಡೆದದ್ದು ಆಟವೇ ಅಲ್ಲ ಎಂದು ಹೇಳುವುದಕ್ಕೆ ಅವರು ಕಂಡುಕೊಂಡ ಮರ್ಯಾದೆಯ ದಾರಿ ಅದು.

ಹೋದೆ, ಆದರೆ ತಕ್ಷಣ ಅಲ್ಲ. ನಡುವೆ ನನ್ನನ್ನು ನಾನು ಸಮರ್ಥಿಸಿಕೊಳ್ಳಲು ಒಂದಿಷ್ಟು ಓದಿದೆ. ಸೆಸಮಿ ಸ್ಟ್ರೀಟಿನ ಗೊಂಬೆಗಳನ್ನು ಕಟ್ಟಿದ ಜಿಮ್ ಹೆನ್ಸನ್, ಟಿವಿಗೆಂದು ಗೊಂಬೆಯಾಟದ ಪುಟ್ಟ ರಂಗಮಂಚವನ್ನೇ ಕಿತ್ತುಹಾಕಿದ್ದ. ಟಿವಿಯ ಚೌಕವೇ ರಂಗ. ಗೊಂಬೆ ಹಿಡಿದವರು ಕ್ಯಾಮೆರಾದ ಕಣ್ಣಿನಿಂದ ಕೆಳಗೆ ಅಡಗಿ, ತಮ್ಮ ಗೊಂಬೆ ಹೇಗೆ ಕಾಣುತ್ತಿದೆಯೆಂದು ಎದುರಿನ ಮಾನಿಟರಿನಲ್ಲಿ ನೋಡುತ್ತಲೇ ಆಡಿಸುತ್ತಾರೆ. ಸ್ಪಂಜು, ಮೆತ್ತನೆಯ ಬಟ್ಟೆ ಬಳಸಿದ್ದೂ ಹತ್ತಿರದ ಶಾಟಿನಲ್ಲಿ ಬಾಯಿ, ಹುಬ್ಬು ಜೀವಂತವಾಗಿ ಅಲುಗಲಿ ಎಂದು. ಅಂದರೆ ಅವು ಕ್ಯಾಮೆರಾಕ್ಕೆಂದೇ ಹುಟ್ಟಿದ ಗೊಂಬೆಗಳು. ನಮ್ಮವು ದೀಪಕ್ಕೆಂದು ಹುಟ್ಟಿದವು. ಒಂದರ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಲು ಹೋಗಿದ್ದೆ. ಸಮರ್ಥನೆಗೆಂದು ಓದಿದ್ದು ನನ್ನ ವಿರುದ್ಧವೇ ಸಾಕ್ಷಿ ಹೇಳಿತು.

ತಾತನ ಊರಿನ ಆಟ ಶುರುವಾದದ್ದು ರಾತ್ರಿ ಹತ್ತು ದಾಟಿದ ಮೇಲೆ. ಮಳೆ ತಪ್ಪಿದ ವರ್ಷ ಈ ಆಟ ಆಡಿಸಿದರೆ ಮಳೆಯಾಗುತ್ತದೆಂಬ ನಂಬಿಕೆ ನಮ್ಮ ಸೀಮೆಯಲ್ಲಿದೆ, ಆ ಸಲದ ಕರೆಯೂ ಅದಕ್ಕೇ. ಕಾಲುವೆ ನೀರಿನ ಭತ್ತದ ಗದ್ದೆಗಳು ಒಂದು ಬದಿಗೆ, ಮಳೆಯನ್ನೇ ನೆಚ್ಚಿದ ಎರೆಹೊಲ ಇನ್ನೊಂದು ಬದಿಗೆ. ಮಳೆ ಬೇಡುವವರು ಎರೆಹೊಲದ ಬದಿಯವರು. ಗುಡಿಯಿಂದ ವೈರು ಎಳೆದು ಒಂದು ಬಲ್ಬು ಹಾಕಿದ್ದರು. ಹಿಂದೆ ಹರಳೆಣ್ಣೆಯ ದೀಪ ಇತ್ತು, ಆಮೇಲೆ ಗ್ಯಾಸ್‌ಲೈಟು ಬಂತು, ಎಣ್ಣೆ ದೀಪ ತುಸು ಅಲುಗುತ್ತಿದ್ದರಿಂದ ಗೊಂಬೆ ಉಸಿರಾಡಿದಂತೆ ಕಾಣುತ್ತಿತ್ತು ಎಂದು ತಾತ ಹೇಳಿದರು. ಮನೆಯವರು ತಮ್ಮತಮ್ಮಲ್ಲಿ ಮರಾಠಿ ಬೆರೆತ ಮಾತಿನಲ್ಲಿ ಮಾತಾಡಿಕೊಂಡು ಕಂಬಳಿ ಬಿಗಿಯುತ್ತಿದ್ದರು. ಪರದೆಯ ಹಿಂದೆ ಕೂತ ಮರುಗಳಿಗೆಯಿಂದ ಅಪ್ಪಟ ಬಳ್ಳಾರಿ ಕನ್ನಡ.

ಅಲ್ಲಿ ನಾನು ಗಮನಿಸಿದ್ದು ಮಕ್ಕಳನ್ನು. ಯಾರೂ ಸುಮ್ಮನೆ ಕೂತಿರಲಿಲ್ಲ. ಪರದೆಯ ಬುಡದಲ್ಲೇ ಚಾಪೆ ಹಾಸಿ ಮಲಗಿದ್ದವು, ಎದ್ದು ಓಡಿದವು, ಹಿಂದೆ ಹೋಗಿ ಇಣುಕಿ ಬಂದವು, ಮತ್ತೆ ಮಲಗಿದವು. ಕಿಳ್ಳೇಕ್ಯಾತ ಬರುವ ಮದ್ದಳೆಯ ಪೆಟ್ಟು ಬಿದ್ದಾಗ ನಿದ್ದೆಯಲ್ಲಿದ್ದವೂ ಎದ್ದು ಕೂತವು. ಅವರನ್ನು ಎಬ್ಬಿಸುವವರೂ ಇಲ್ಲ, ಕೂಡಿಸುವವರೂ ಇಲ್ಲ. ಪರದೆಯ ಹಿಂದೆ ಹೋದರೆ ಆಟ ಕೆಡುತ್ತದೆಂದು ಯಾರಿಗೂ ಅನ್ನಿಸಿರಲಿಲ್ಲ. ಮಕ್ಕಳು 20 ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಮಾಲೀಕರಿಗೆ ನಾನೇ ಬರೆದುಕೊಟ್ಟ ಟಿಪ್ಪಣಿ ನೆನಪಾಯಿತು. ಕೂರುವುದಿಲ್ಲ, ನಿಜ. ಕೂರಲೇಬೇಕೆಂದು ಯಾರು ಹೇಳಿದ್ದು?

ಮರುವರ್ಷ ಅದೇ ಊರಲ್ಲಿ ಚಿತ್ರೀಕರಣ ಮಾಡಿದೆವು. ನಮ್ಮ ದೀಪ ಒಂದೂ ಹಚ್ಚಲಿಲ್ಲ. ಕ್ಯಾಮೆರಾದ ಆಟೋ ವ್ಯವಸ್ಥೆ ತೆಗೆದು, ಪರದೆಯ ಬಿಳಿಯನ್ನು ಬಿಟ್ಟು ಹನುಮಂತನ ಕೆಂಪಿಗೆ ಬೆಳಕಿನ ಅಳತೆ ಹಿಡಿದು ಅಲ್ಲಿಗೇ ಬಿಗಿದೆವು. ಆಟೋದಲ್ಲಿ ಬಿಟ್ಟರೆ ಸುತ್ತಲ ಕತ್ತಲೆ ನೋಡಿ ಕ್ಯಾಮೆರಾ ಗಾಬರಿಯಾಗಿ ಕಣ್ಣರಳಿಸುತ್ತದೆ, ಪರದೆ ಸುಟ್ಟಂತಾಗುತ್ತದೆ. ಮೈಕು ಪರದೆಯ ಹಿಂದೆ, ಹಾಡುವವರ ಹತ್ತಿರ. ಎರಡನೆಯ ಕ್ಯಾಮೆರಾ ಮಕ್ಕಳ ನಡುವೆ ನೆಲದ ಮೇಲೆ, ಅವರ ತಲೆಗಳು ಕಪ್ಪು ನೆರಳಾಗಿ ಕಾಣುವಂತೆ. ಮುಖ ಒಂದೂ ಕಾಣಲಿಲ್ಲ. ಚೆನ್ನಾಗಿ ಬಂತು. ಮಾಲೀಕರು ನೋಡಿ, ಚೆನ್ನಾಗಿದೆ ಎಂದು ಭಾನುವಾರ ರಾತ್ರಿ 11ಕ್ಕೆ ಹಾಕಿಸಿದರು. ಯಾರು ನೋಡಿದರೋ. 2009ರಲ್ಲಿ ಕನ್ನಡದಲ್ಲೇ ಮಕ್ಕಳಿಗೆಂದು ಚಿಂಟು ಟಿವಿ ಬಂದ ಮೇಲೆ ನಮ್ಮ ಮಕ್ಕಳ ಸಂಭ್ರಮಕ್ಕೆ ಪ್ರಾಯೋಜಕರೂ ಸಿಗದಾದರು. ಚಾನೆಲ್ಲಿನವರು ಹಳೆಯ ಟೇಪುಗಳನ್ನು ಸಭೆ ಸಮಾರಂಭಗಳಿಗೆ ಮರುಬಳಕೆ ಮಾಡಿದರು. ಹಳ್ಳಿಯ ರಾತ್ರಿಯ ಟೇಪಿನ ಮೇಲೆ ಯಾವುದೋ ಪಕ್ಷದ ಸಮಾವೇಶ ಬಂದು ಕೂತಿತು. ಉಳಿದಿರುವುದು ಸಭಾಂಗಣದ ಟೇಪು, ಅದರಲ್ಲಿ ಡಾನ್ಸ್ ಇತ್ತಲ್ಲ. ತಾತ ತೀರಿಕೊಂಡ ಮೇಲೆ ಅವರ ದನಿ ಎಲ್ಲಿಯಾದರೂ ಇದೆಯೇ ಎಂದು ಮನೆಯವರು ಕೇಳಿದಾಗ ನನ್ನಲ್ಲಿದ್ದದ್ದು ಅದೊಂದೇ. ಬೆಳ್ಳಗಿನ ಪರದೆ, ಹಾಡಿನ ಮೇಲೆ ನಿರೂಪಕಿಯ ಕೂಗು, ನಡುವೆ ಎಲ್ಲೋ ತಾತನ ಅರ್ಧ ಪದ. ಸಿಡಿ ಮಾಡಿಸಿ ಕೊಟ್ಟೆ. ಕೊಡುವಾಗ ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ, “ಕ್ವಾಲಿಟಿ ಅಷ್ಟಿಲ್ಲ” ಎಂದೆ.

2023ರ ಏಪ್ರಿಲ್‌ನಲ್ಲಿ ಬೆಳಗಲ್ಲು ವೀರಣ್ಣನವರು ರಸ್ತೆ ಅಪಘಾತದಲ್ಲಿ ಹೋದರು. 2025ರಲ್ಲಿ ಪಕ್ಕದ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ ಪದ್ಮಶ್ರೀ ಬಂದಾಗ, ತೊಂಬತ್ತು ದಾಟಿದ ಆ ಅಜ್ಜಿಯ ಕಡೆಗೆ ಟಿವಿಯ ಕ್ಯಾಮೆರಾಗಳೆಲ್ಲ ಓಡಿದವು. ಅಂಗಳದಲ್ಲಿ, ಹಾಡುಹಗಲಲ್ಲಿ ಕೈಯಲ್ಲಿ ಗೊಂಬೆ ಹಿಡಿಸಿ ಚಿತ್ರ ತೆಗೆದಿದ್ದನ್ನು ನೋಡಿ ನಾನು ಹಲ್ಲು ಕಚ್ಚಿದೆ. ಬೇರೆಯವರ ತಪ್ಪಿಗೆ ಸಿಟ್ಟು ಬೇಗ ಬರುತ್ತದೆ.

ತಾತನ ಸೊಸೆ ಈಗ ಮೇಳ ನಡೆಸುತ್ತಾರೆ. ಆವತ್ತು ಹಾಡಿದವರೇ. ಶಾಲೆಗಳಿಗೆ ಹೋಗಿ ಮುಕ್ಕಾಲು ಗಂಟೆಯ ಆಟ ಆಡಿಸುತ್ತಾರೆ. ಕಿಳ್ಳೇಕ್ಯಾತ ಮೊದಲೇ ಬರುತ್ತಾನೆ, ಮೊಬೈಲ್ ಹಿಡಿದ ಬಂಗಾರಕ್ಕನ ಜೊತೆ ಜಗಳವಾಡುತ್ತಾನೆ. ಶಾಲೆಯವರ ಜೊತೆ ಫೋನಿನಲ್ಲಿ ಮಾತಾಡುವುದು, ಬಾಕಿ ವಸೂಲಿ ಮಾಡುವುದು ನನ್ನ ಪಾಲಿಗೆ ಬಂದಿದೆ. ಮುಂಗಡ ಹಿಡಿಯುವ ಮುಂಚೆ ಅವರು ನನ್ನಿಂದ ಕೇಳಿಸುವ ಪ್ರಶ್ನೆ: “ರೂಮಿಗೆ ಕಿಟಕಿ ಎಷ್ಟದಾವ್ರಿ? ಮುಚ್ಚಾಕ ಬರ್ತೈತೇನು?” ಬರುವುದಿಲ್ಲ ಎಂದರೆ ಹೋಗುವುದಿಲ್ಲ. ಹೋದ ತಿಂಗಳು ಕುರುಗೋಡು ಕಡೆಯ ಒಂದು ಶಾಲೆಯವರು ಆಟವನ್ನು ಮೊಬೈಲಿನಲ್ಲಿ ಲೈವ್ ಬಿಡುತ್ತೇವೆ, ಮಕ್ಕಳು ಶಿಸ್ತಾಗಿ ಸಾಲಿನಲ್ಲಿ ಕೂತಿರುತ್ತಾರೆ ಎಂದರು. ನಾನು ಫೋನಿಗೆ ಕೈ ಅಡ್ಡ ಹಿಡಿದು ಹಾಗೇ ತಾತನ ಸೊಸೆಗೆ ಹೇಳಿದೆ. “ಬಿಡ್ರಿ ಅನ್ರಿ, ಲೈವು. ಟಾರ್ಚ್ ಹಾಕಬ್ಯಾಡ್ರಿ ಅನ್ರಿ. ಸಾಲು ಬ್ಯಾಡ. ಹುಡುಗ್ರು ಹಿಂದಾಗಡೆ ಬರ್ತಾವು, ಅಲ್ಲೂ ಒಂದು ಜಮಖಾನ ಹಾಸಾಕ ಹೇಳ್ರಿ.” ಶಾಲೆಯವರು ಜಮಖಾನ ನಮ್ಮಲ್ಲಿ ಒಂದೇ ಇದೆ ಎಂದರು. ಇನ್ನೊಂದನ್ನು ನಾವೇ ತರುತ್ತೇವೆ ಎಂದು ಹೇಳಿ, ಮುಂಗಡ ಅರ್ಧ ಕಳಿಸಿ ಎಂದೆ. ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ಫೋನ್ ಮಾಡಬೇಕು.